ಚೆನ್ನೆಮಣೆ, ಅಡಿಕೆ ತೋಟ, ಗುಣಲಬ್ಧ ಗ್ರಾಫ್: ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಗೆ ಹೇಳಲಿ?

ಚುಕ್ಕಿಗೆರೆ, ನೀರ್ಚಾಲು:

ಎಲ್ಲರಿಗೂ ನಮಸ್ಕಾರ. ನನಗೊಂದು ಸಹಾಯ ಬೇಕು.

ನಾನು ಗ್ರಾಫ್ ಥಿಯರಿಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ ಗುಣಲಬ್ಧ ಗ್ರಾಫ್‌ಗಳು. ಅವಕ್ಕೆ ಅಂಕೆ ಹಾಕುವುದು, ಬಣ್ಣ ಹಾಕುವುದು, ಅವುಗಳೊಳಗೆ ದೂರ ಅಳೆಯುವುದು ನನ್ನ ಕೆಲಸ. ಮುಂದಿನ ಶನಿವಾರ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ನಾನು ಕಲಿತ ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸಿನವರಿಗೆ ಒಂದು ಗಂಟೆ ಇದರ ಬಗ್ಗೆ ಮಾತಾಡಬೇಕು. ಇಂಗ್ಲಿಷಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕನ್ನಡದಲ್ಲಿ ಒಮ್ಮೆಯೂ ಹೇಳಿಲ್ಲ.

ಇದು ನನಗೆ ಯಾಕೆ ಮುಖ್ಯ ಅಂತ ಹೇಳಿಬಿಡುತ್ತೇನೆ. ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಗಣಿತಕ್ಕೆ ಬಂದ ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ತುಂಬ ಪ್ರೀತಿಯ ಟೀಚರ್. ಆದರೆ ಇಡೀ ವರ್ಷ ಬೋರ್ಡಿನ ಮೇಲಿನ ಅಂಕೆ ನೋಡಿಯೇ ಕಲಿತೆವು. ಪ್ರಶ್ನೆ ಕೇಳಬೇಕು ಅನ್ನಿಸಿದರೂ ಕೇಳುವ ಭಾಷೆ ಇರಲಿಲ್ಲ. ಈ ಮಕ್ಕಳು ನನ್ನ ಹತ್ತಿರ ಪ್ರಶ್ನೆ ಕೇಳಬೇಕು. ಅದಕ್ಕೇ ಈ ಹಠ.

ನಾನು ಯೋಚಿಸಿದ್ದು ಹೀಗೆ. ಗ್ರಾಫ್ ಅಂದರೆ ಕೆಲವು ಚುಕ್ಕಿ, ಅವುಗಳ ನಡುವೆ ಕೆಲವು ಗೆರೆ. ಪುಸ್ತಕದಲ್ಲಿ ಶೃಂಗ, ಅಂಚು ಅಂತ ಬರೆಯುತ್ತಾರೆ. ರಂಗೋಲಿ ಹಾಕುವ ಊರಿನಲ್ಲಿ ಚುಕ್ಕಿ, ಗೆರೆ ಸಾಕಲ್ವಾ? ಈಗ ಎರಡು ಗ್ರಾಫ್ ತೆಗೆದುಕೊಳ್ಳಿ. ಒಂದರಲ್ಲಿ 20 ಚುಕ್ಕಿಯ ಸಾಲು, ಇನ್ನೊಂದರಲ್ಲಿ 30 ಚುಕ್ಕಿಯ ಸಾಲು. ಮೊದಲನೆಯದರ ಒಂದು ಚುಕ್ಕಿ, ಎರಡನೆಯದರ ಒಂದು ಚುಕ್ಕಿ ಜೋಡಿಸಿದರೆ ಹೊಸ ಚುಕ್ಕಿ. ಒಟ್ಟು 600 ಹೊಸ ಚುಕ್ಕಿ. ಗೆರೆ ಎಲ್ಲೆಲ್ಲಿ ಎಳೆಯುವುದು ಎನ್ನುವುದಕ್ಕೆ ಬೇರೆ ಬೇರೆ ನಿಯಮ ಇದೆ. ಒಂದೊಂದು ನಿಯಮಕ್ಕೂ ಒಂದೊಂದು ಗುಣಲಬ್ಧ.

ಒಂದು ಸಲಕ್ಕೆ ಒಂದೇ ಕಡೆ ಹೆಜ್ಜೆ, ಉದ್ದಕ್ಕೆ ಅಥವಾ ಅಡ್ಡಕ್ಕೆ. ಇದು ಕಾರ್ಟೀಸಿಯನ್. ಯಾವಾಗಲೂ ಎರಡೂ ಕಡೆ ಒಟ್ಟಿಗೆ ಹೆಜ್ಜೆ ಹಾಕಿ ಮೂಲೆಗೇ ಹೋಗಬೇಕಾದರೆ ಅದು ಟೆನ್ಸರ್. ಎರಡೂ ಬಗೆಗೆ ಅನುಮತಿ ಇದ್ದರೆ ಸ್ಟ್ರಾಂಗ್. ಇವುಗಳಿಗೆ ಬರೆಯುವ ಗುರುತು ನನಗೆ ಬಹಳ ಇಷ್ಟ. ಎರಡು ಚುಕ್ಕಿ ಒಂದು ಗೆರೆಯ ಗ್ರಾಫನ್ನು ಅದರಿಂದಲೇ ಗುಣಿಸಿ ನೋಡಿ. ಕಾರ್ಟೀಸಿಯನ್‌ನಲ್ಲಿ ಚೌಕ ಬರುತ್ತದೆ, ಗುರುತು □. ಟೆನ್ಸರ್‌ನಲ್ಲಿ ಎರಡು ಓರೆ ಗೆರೆ ಬರುತ್ತವೆ, ಗುರುತು ×. ಸ್ಟ್ರಾಂಗ್‌ನಲ್ಲಿ ಚೌಕದೊಳಗೆ ಓರೆ ಗೆರೆ, ಗುರುತು ⊠. ಗುರುತೇ ಚಿತ್ರ.

ನನ್ನ ಇಡೀ ಸಂಶೋಧನೆಯ ಪ್ರಶ್ನೆ ಒಂದೇ. ಎರಡು ಚಿಕ್ಕ ಗ್ರಾಫ್ ಪೂರ್ತಿ ಗೊತ್ತಿದ್ದರೆ ಅವುಗಳ ಗುಣಲಬ್ಧ ಎಷ್ಟು ಗೊತ್ತಾಗುತ್ತದೆ? ಕೆಲವು ಕಡೆ ಪೂರ್ತಿ ಗೊತ್ತಾಗುತ್ತದೆ. ಕೆಲವು ಕಡೆ ಮೋಸ ಹೋಗುತ್ತೇವೆ. ಇದನ್ನು ಮಕ್ಕಳಿಗೆ ಮುಟ್ಟಿಸುವುದು ಹೇಗೆ?

ಪೆರ್ಲದ ಅಡಿಕೆ:

ತಂಗೀ, ಗಣಿತ ನನಗೆ ದೂರ. ಆದರೆ 20 ಸಾಲು, ಸಾಲಿಗೆ 30 ಅಂದ ಕೂಡಲೇ ನನ್ನ ಕೆಳಗಿನ ತೋಟ ಕಣ್ಣಿಗೆ ಬಂತು. ಸರಿಯಾಗಿ 600 ಅಡಿಕೆ ಮರ. ಗಿಡದಿಂದ ಗಿಡಕ್ಕೆ 2.7 ಮೀಟರ್, ನಾವು 9 ಅಡಿ ಅನ್ನುತ್ತೇವೆ. ಅಪ್ಪ ಹಗ್ಗ ಹಿಡಿದು ಗುಂಡಿ ತೆಗೆಸಿದ್ದು, ಈಗಲೂ ಗೆರೆ ಎಳೆದ ಹಾಗೆ ಇದೆ. ನಿಮ್ಮ ಲೆಕ್ಕದಿಂದ ಈ ತೋಟದ ಬಗ್ಗೆ ಏನಾದರೂ ಹೇಳಲಿಕ್ಕೆ ಆಗುತ್ತದಾ? ನಿಜವಾಗಿಯೂ ತಿಳಿಯುವ ಆಸೆ.

ಚುಕ್ಕಿಗೆರೆ:

ಖಂಡಿತ ಆಗುತ್ತದೆ ಅಣ್ಣ. ದೂರದ ವಿಷಯದಲ್ಲಿ ಕಾರ್ಟೀಸಿಯನ್ ಗುಣಲಬ್ಧ ಬಹಳ ಪ್ರಾಮಾಣಿಕ. ಒಂದು ಮರದಿಂದ ಇನ್ನೊಂದು ಮರಕ್ಕೆ ಇರುವ ದೂರ ಅಂದರೆ ಉದ್ದಕ್ಕೆ ಇರುವ ಹೆಜ್ಜೆ, ಅದಕ್ಕೆ ಅಡ್ಡಕ್ಕೆ ಇರುವ ಹೆಜ್ಜೆ ಕೂಡಿಸಿದ್ದು. ಈ ಮೂಲೆಯ ಮರದಿಂದ ಆ ಮೂಲೆಯ ಮರಕ್ಕೆ 19 ಮತ್ತು 29, ಒಟ್ಟು 48 ಹೆಜ್ಜೆ. ಓರೆಯಾಗಿಯೂ ನಡೆಯಬಹುದಾದರೆ, ಅಂದರೆ ಸ್ಟ್ರಾಂಗ್ ಗುಣಲಬ್ಧದಲ್ಲಿ, ಕೂಡಿಸುವುದು ಬೇಡ. ಎರಡರಲ್ಲಿ ದೊಡ್ಡದು ಯಾವುದೋ ಅದೇ ದೂರ, ಅಂದರೆ 29.

ಇನ್ನೊಂದು ಲೆಕ್ಕ ಇದೆ, ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಗ್ರಾಫಿನ ಎಲ್ಲ ಜೋಡಿ ಚುಕ್ಕಿಗಳ ನಡುವಿನ ದೂರ ಕೂಡಿಸಿದರೆ ಸಿಗುವುದಕ್ಕೆ ವೀನರ್ ಸೂಚ್ಯಂಕ ಅನ್ನುತ್ತಾರೆ. ಹ್ಯಾರಿ ವೀನರ್ 1947ರಲ್ಲಿ ಪ್ಯಾರಾಫಿನ್ ಅಣುಗಳು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತವೆ ಎಂದು ಅಂದಾಜು ಮಾಡಲು ಇದನ್ನು ಬಳಸಿದರು. ರಸಾಯನಶಾಸ್ತ್ರದಿಂದ ಬಂದ ಸಂಖ್ಯೆ. 20ರ ಸಾಲಿಗೆ ಇದು 1330, 30ರ ಸಾಲಿಗೆ 4495. ಗುಣಲಬ್ಧಕ್ಕೆ ಬೇಕಾದರೆ 1330ನ್ನು 30ರ ವರ್ಗದಿಂದ ಗುಣಿಸಿ, 4495ನ್ನು 20ರ ವರ್ಗದಿಂದ ಗುಣಿಸಿ, ಎರಡನ್ನೂ ಕೂಡಿಸಿ. 29,95,000 ಬರುತ್ತದೆ. ನಿಮ್ಮ ತೋಟದಲ್ಲಿ ಮರಗಳ ಜೋಡಿ 1,79,700. ಭಾಗಿಸಿದರೆ ಸರಿಯಾಗಿ 50ರ ಮೂರನೇ ಒಂದು ಭಾಗ.

ಆ 50 ಎಲ್ಲಿಂದ ಬಂತು ನೋಡಿದಿರಾ? 20 ಮತ್ತು 30 ಕೂಡಿಸಿದ್ದು. ಯಾವ ಆಯತದ ತೋಟವಾದರೂ ಹೀಗೇ. ಎರಡು ಬದಿಯ ಮರಗಳ ಸಂಖ್ಯೆ ಕೂಡಿಸಿ 3ರಿಂದ ಭಾಗಿಸಿದರೆ ಮರದಿಂದ ಮರಕ್ಕೆ ಸರಾಸರಿ ದೂರ. ಅಂದಾಜಲ್ಲ, ಸರಿಯಾದ ಉತ್ತರ. ನಿಮ್ಮದರಲ್ಲಿ ಅದು 16 ಚಿಲ್ಲರೆ ಹೆಜ್ಜೆ, 2.7ರಿಂದ ಗುಣಿಸಿದರೆ 45 ಮೀಟರ್.

ಪೆರ್ಲದ ಅಡಿಕೆ:

45 ಮೀಟರ್ ಅಂತ ಓದಿ ಸಂತೋಷವಾಯಿತು. ಆದರೆ ಸಂಜೆ ತೋಟಕ್ಕೆ ಇಳಿದಾಗ ಒಂದು ವಿಷಯ ಹೊಳೆಯಿತು, ಹೇಳದೆ ಇರಲಾರೆ. ನಮ್ಮಲ್ಲಿ ಮಳೆನೀರು ಇಳಿಯಲಿಕ್ಕೆ ಎರಡು ಸಾಲಿಗೊಂದು ಕಣಿ ಇದೆ. ಆಳ ಸೊಂಟದ ತನಕ. ದಾಟಲಿಕ್ಕೆ ಸಂಕ ಇರುವುದು ಮೇಲಿನ ತುದಿಯಲ್ಲಿ ಮಾತ್ರ. ಕೆಳಗಿನ ತುದಿಯಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವಾಗ ಕಣಿಯ ಆಚೆ ಇರುವ ಮರ ಕೈಗೆ ಸಿಗುವಷ್ಟು ಹತ್ತಿರ. ಆದರೆ ಪೈಪು ಹೊತ್ತುಕೊಂಡು ಅಲ್ಲಿಗೆ ಹೋಗಬೇಕಾದರೆ ಇಡೀ ಸಾಲು ಹತ್ತಿ ಇಳಿಯಬೇಕು. ಹಾಗಾದರೆ ನಿಮ್ಮ 45 ನಮ್ಮ ಕಾಲಿಗೆ ಹೊಂದುವುದಿಲ್ಲ ಅಲ್ವಾ?

ಚುಕ್ಕಿಗೆರೆ:

ಹೊಂದುವುದಿಲ್ಲ ಅಣ್ಣ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆ ಮರಕ್ಕೆ ನನ್ನ ಲೆಕ್ಕದಲ್ಲಿ 1 ಹೆಜ್ಜೆ. ನಿಮ್ಮ ಕಾಲಿಗೆ 29 ಹತ್ತಿ, 1 ದಾಟಿ, 29 ಇಳಿದು 59. ಕಣಿ ತೆಗೆದಾಗ ಎಷ್ಟೋ ಅಡ್ಡ ಗೆರೆಗಳು ಕಡಿದುಹೋದವು. ಉಳಿದದ್ದು ಗುಣಲಬ್ಧ ಗ್ರಾಫ್ ಅಲ್ಲ. ಗುಣಲಬ್ಧ ಆಗಬೇಕಾದರೆ ಒಂದು ಸಾಲಿಗೂ ಪಕ್ಕದ ಸಾಲಿಗೂ ಇರುವ ಸಂಬಂಧ ಸಾಲಿನ ಉದ್ದಕ್ಕೂ ಒಂದೇ ಆಗಿರಬೇಕು. ಮೇಲಿನ ತುದಿಯಲ್ಲಿ ದಾಟಬಹುದಾದರೆ ಕೆಳಗಿನ ತುದಿಯಲ್ಲೂ ದಾಟಬಹುದು ಅಂತ ಇರಬೇಕು. ಆ ಸಮಾನತೆ ಇರುವುದರಿಂದಲೇ ಎರಡು ಸಣ್ಣ ಸಂಖ್ಯೆಯಿಂದ 600 ಮರದ ಲೆಕ್ಕ ಸಿಗುವುದು.

ನಿಮ್ಮ ಕಣಿಯನ್ನು ಕ್ಲಾಸಿಗೆ ತೆಗೆದುಕೊಂಡು ಹೋಗುತ್ತೇನೆ. ಸೂತ್ರ ಎಲ್ಲಿ ನಿಲ್ಲುತ್ತದೆ ಎಂದು ಇಷ್ಟು ಚೆನ್ನಾಗಿ ಹೇಳುವ ಉದಾಹರಣೆ ನನ್ನ ಹತ್ತಿರ ಇರಲಿಲ್ಲ.

ಕುಂಬಳೆ ಮಾಷ್ಟ್ರು:

ಮಗಳೇ, 31 ವರ್ಷ ಈ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಗಣಿತ ಕಲಿಸಿದವನು ನಾನು. ನಿನ್ನ ಬರಹ ಓದಿ ಮನಸ್ಸು ತುಂಬಿತು. ಒಂದೆರಡು ಮಾತು ಹೇಳುತ್ತೇನೆ.

ತೋಟ ಒಳ್ಳೆಯ ಉದಾಹರಣೆಯೇ. ಆದರೆ ಕ್ಲಾಸಿನೊಳಗೆ ತೋಟ ತರಲಿಕ್ಕೆ ಆಗುವುದಿಲ್ಲ. ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆ ತರಬಹುದು. ಎರಡು ಸಾಲು, ಸಾಲಿಗೆ 7 ಗುಳಿ. ಅದೇ ನಿನ್ನ ಗುಣಲಬ್ಧ: ಎರಡು ಚುಕ್ಕಿಯ ಗ್ರಾಫ್, ಏಳು ಚುಕ್ಕಿಯ ಸಾಲು. ನಿನ್ನ ಸೂತ್ರ ಹಾಕಿ ನೋಡಿದೆ. 2 ಮತ್ತು 7 ಕೂಡಿಸಿದರೆ 9, ಮೂರರಿಂದ ಭಾಗಿಸಿದರೆ 3. ಗುಳಿಯಿಂದ ಗುಳಿಗೆ ಸರಾಸರಿ ಸರಿಯಾಗಿ 3 ಹೆಜ್ಜೆ. ನಂಬಿಕೆ ಬರಲಿಲ್ಲ. 91 ಜೋಡಿಯನ್ನೂ ಕಾಗದದಲ್ಲಿ ಬರೆದು ಕೂಡಿಸಿದೆ. 273 ಬಂತು. 91ರ ಮೂರು ಪಟ್ಟು.

ಇನ್ನೊಂದು ನೋಡು. 7 ಗುಳಿಯ ಒಂದೇ ಸಾಲಿನ ವೀನರ್ ಸಂಖ್ಯೆ 56. ಗುಳಿಗೆ 4ರಂತೆ 14 ಗುಳಿಗೆ ಹಾಕುವ ಮಂಜೊಟ್ಟಿ ಕಾಯಿಯೂ 56. ಇದು ಆಕಸ್ಮಿಕ, ಅದರಲ್ಲಿ ಅರ್ಥ ಹುಡುಕುವುದು ಬೇಡ. ಆದರೆ ಮಕ್ಕಳಿಗೆ ಸಂಖ್ಯೆ ನೆನಪುಳಿಯುವುದು ಹೀಗೆಯೇ.

ಹೆಸರಿನ ವಿಷಯದಲ್ಲಿ ಹೆದರಬೇಡ. ಗ್ರಾಫ್ ಗ್ರಾಫೇ ಇರಲಿ. ಚುಕ್ಕಿ, ಗೆರೆ, ಹೆಜ್ಜೆ ಸಾಕು. ಶೃಂಗ ಅಂತ ಬೇಕಾದರೆ ಕೊನೆಯಲ್ಲಿ ಒಮ್ಮೆ ಬೋರ್ಡಿನಲ್ಲಿ ಬರೆ.

ಉಪ್ಪಳ ಓದುಗ:

ಎಂ.ಎಸ್ಸಿ.ಯಲ್ಲಿ ಗ್ರಾಫ್ ಥಿಯರಿ ಓದಿದ್ದೆ. ಬಣ್ಣದ ಭಾಗ ಸುಲಭ ಅನ್ನಿಸುತ್ತದೆ. ಗೆರೆಯಿಂದ ಸೇರಿದ ಎರಡು ಚುಕ್ಕಿಗೆ ಒಂದೇ ಬಣ್ಣ ಇರಬಾರದು, ಆದಷ್ಟು ಕಡಿಮೆ ಬಣ್ಣ ಬಳಸಬೇಕು. ಗುಣಲಬ್ಧಕ್ಕೆ ಬೇಕಾಗುವ ಬಣ್ಣ ಎರಡು ಗ್ರಾಫ್‌ಗಳಲ್ಲಿ ಯಾವುದಕ್ಕೆ ಜಾಸ್ತಿ ಬೇಕೋ ಅಷ್ಟು. ಈ ಒಂದು ನಿಯಮ ಹೇಳಿದರೆ ಬಣ್ಣದ ಕಥೆ ಮುಗಿಯಿತಲ್ವಾ?

ಮುಳ್ಳೇರಿಯ ಟೀಚರ್:

ಎಲ್ಲ ಗುಣಲಬ್ಧಕ್ಕೂ ಆ ನಿಯಮ ನಡೆಯುವುದಿಲ್ಲ ಸರ್. ಪರೀಕ್ಷೆ ಹಾಲ್ ನೋಡಿ. ಬೆಂಚುಗಳು ಸಾಲು ಸಾಲಾಗಿ ಇವೆ. ಹಿಂದೆ ಮುಂದೆ, ಎಡ ಬಲ ಕೂತವರಿಗೆ ಒಂದೇ ಸೆಟ್ ಪ್ರಶ್ನೆಪತ್ರಿಕೆ ಸಿಗಬಾರದು ಅಂದರೆ ಎ, ಬಿ ಎರಡು ಸೆಟ್ ಸಾಕು. ಚದುರಂಗದ ಮಣೆಯ ಕಪ್ಪು ಬಿಳಿ ಹಾಗೆ ಹಂಚಿದರೆ ಆಯಿತು. ಆದರೆ ಓರೆಯಾಗಿ ಕೂತವರೂ ನೋಡಿ ಬರೆಯುತ್ತಾರೆ. ಅದನ್ನೂ ತಡೆಯಬೇಕಾದರೆ ಎರಡು ಸಾಲದು. ಮೂರೂ ಸಾಲದು. ನಾಲ್ಕು ಬೇಕು. ಯಾಕೆಂದರೆ ಅಕ್ಕಪಕ್ಕದ ಎರಡು ಸಾಲಿನಿಂದ ಎರಡೆರಡು ಸೀಟು ತೆಗೆದುಕೊಂಡರೆ ಆ ನಾಲ್ಕು ಜನವೂ ಒಬ್ಬರಿಗೊಬ್ಬರು ನೆರೆಯವರು. ಒಂದು ಸಾಲಿಗೆ ಎ, ಬಿ, ಎ, ಬಿ. ಮುಂದಿನ ಸಾಲಿಗೆ ಸಿ, ಡಿ, ಸಿ, ಡಿ. ಹಾಗೆ ಮಾಡಿದರೆ ನಾಲ್ಕೇ ಸಾಕು.

ಪಿಎಸ್‌ಸಿ ಪರೀಕ್ಷೆ ಬರೆದ ನಮಗೆಲ್ಲ ಎ, ಬಿ, ಸಿ, ಡಿ ಗೊತ್ತಲ್ಲ. ನಾನು ಹಾಲ್ ಡ್ಯೂಟಿ ಮಾಡುವಾಗ ಎಷ್ಟೋ ಸಲ ಹೀಗೆ ಹಂಚಿದ್ದೇನೆ. ಅದಕ್ಕೆ ಸ್ಟ್ರಾಂಗ್ ಗುಣಲಬ್ಧ ಅಂತ ಹೆಸರಿದೆ ಎಂದು ಇವತ್ತು ತಿಳಿಯಿತು. ಒಂದೊಂದು ಸಾಲಿಗೆ 2 ಬಣ್ಣ ಸಾಕಾಗುವ ಕಡೆ ಗುಣಲಬ್ಧಕ್ಕೆ 4 ಬೇಕಾಯಿತು.

ಚುಕ್ಕಿಗೆರೆ:

ಟೀಚರ್, ಇದನ್ನು ಹಾಗೇ ತೆಗೆದುಕೊಳ್ಳುತ್ತೇನೆ. ಓದುಗ ಸರ್, ನೀವು ಹೇಳಿದ ನಿಯಮ ಕಾರ್ಟೀಸಿಯನ್‌ಗೆ ಪೂರ್ತಿ ಸರಿ. 1957ರಲ್ಲಿ ಗೆರ್ಟ್ ಸಬಿಡೂಸಿ ಸಾಧಿಸಿದ್ದು. ಅದರ ಕಾರಣ ಇಲ್ಲೇ ಹೇಳಬಹುದು. ಐದು ಚುಕ್ಕಿಯ ಉಂಗುರ ತೆಗೆದುಕೊಳ್ಳಿ, ಅದಕ್ಕೆ 3 ಬಣ್ಣ ಬೇಕು. ಬಣ್ಣದ ಬದಲು 0, 1, 0, 1, 2 ಅಂತ ಬರೆಯಿರಿ. ಇನ್ನೊಂದು ಕಡೆ ಉದ್ದ ಸಾಲು, ಅದಕ್ಕೆ 0, 1, 0, 1. ಗುಣಲಬ್ಧದ ಚುಕ್ಕಿಗೆ ಎರಡೂ ಅಂಕೆ ಕೂಡಿಸಿ, 3ರಿಂದ ಭಾಗಿಸಿ ಉಳಿದ ಶೇಷ ಬರೆಯಿರಿ. ಒಂದು ಹೆಜ್ಜೆ ಹಾಕಿದಾಗ ಒಂದು ಅಂಕೆ ಮಾತ್ರ ಬದಲಾಗುತ್ತದೆ, ಇನ್ನೊಂದು ಹಾಗೇ ಇರುತ್ತದೆ. ಹಾಗಾಗಿ ಶೇಷ ಬದಲಾಗಲೇಬೇಕು. ಮೂರೇ ಬಣ್ಣದಲ್ಲಿ ಮುಗಿಯಿತು. ಚದುರಂಗದ ಆನೆಯ ನಡೆಗೂ ಇದೇ ಉಪಾಯ. 8 ಬಣ್ಣದಲ್ಲಿ ಇಡೀ ಮಣೆ ತುಂಬಬಹುದು, ಯಾವ ಅಡ್ಡ ಸಾಲಿನಲ್ಲೂ ಯಾವ ಉದ್ದ ಸಾಲಿನಲ್ಲೂ ಒಂದೇ ಬಣ್ಣ ಎರಡು ಸಲ ಬಾರದ ಹಾಗೆ. ಸುಡೊಕು ಆಡುವವರಿಗೆ ಇದು ಹೊಸತಲ್ಲ.

ಟೆನ್ಸರ್‌ನದು ಬೇರೆಯೇ ಕಥೆ. ಅಲ್ಲಿ ಎಲ್ಲ ಹೆಜ್ಜೆಯೂ ಓರೆ, ಚದುರಂಗದ ಒಂಟೆಯ ಹಾಗೆ. ಎರಡು ಸಾಲುಗಳ ಟೆನ್ಸರ್ ಗುಣಲಬ್ಧ ಎರಡು ತುಂಡಾಗಿಬಿಡುತ್ತದೆ. ಕಪ್ಪು ಮನೆಯ ಒಂಟೆ ಬಿಳಿ ಮನೆಗೆ ಹೋಗುವುದೇ ಇಲ್ಲವಲ್ಲ, ಹಾಗೆ. ಇಲ್ಲಿ ಬಣ್ಣ ಹಾಕಲು ಎರಡು ಗ್ರಾಫ್‌ಗಳಲ್ಲಿ ಒಂದರ ಬಣ್ಣ ನೋಡಿದರೂ ಸಾಕು, ಯಾಕೆಂದರೆ ಪ್ರತಿ ಹೆಜ್ಜೆಯಲ್ಲೂ ಎರಡೂ ಕಡೆ ಬದಲಾಗುತ್ತದೆ. ಹಾಗಾಗಿ ಕಡಿಮೆ ಬಣ್ಣದ ಗ್ರಾಫ್ ಯಾವುದೋ ಅಷ್ಟು ಬಣ್ಣ ಖಂಡಿತ ಸಾಕು. ಅದಕ್ಕಿಂತಲೂ ಕಡಿಮೆಯಲ್ಲಿ ಆಗುತ್ತದಾ? ಆಗುವುದಿಲ್ಲ ಎಂದು ಸ್ಟೀಫನ್ ಹೆಡೆಟ್ನಿಯೆಮಿ 1966ರಲ್ಲಿ ಊಹಿಸಿದರು. 53 ವರ್ಷ ಎಷ್ಟೋ ಜನ ಸಾಧಿಸಲು ನೋಡಿದರು. 1985ರಲ್ಲಿ ಎಲ್-ಜಹಾರ್ ಮತ್ತು ಸೌವರ್ 4 ಬಣ್ಣದ ಗ್ರಾಫ್‌ಗಳಿಗೆ ಅದು ನಿಜ ಎಂದು ತೋರಿಸಿದರು. 2019ರಲ್ಲಿ ಯಾರೊಸ್ಲಾವ್ ಶಿತೊವ್ ಒಂದು ಪುಟ್ಟ ಲೇಖನದಲ್ಲಿ ಆ ಊಹೆ ತಪ್ಪು ಅಂತ ತೋರಿಸಿಬಿಟ್ಟರು. ಕೆಲವು ಬಹಳ ದೊಡ್ಡ ಗ್ರಾಫ್‌ಗಳಲ್ಲಿ ಕಡಿಮೆ ಬಣ್ಣ ಸಾಕಾಗುತ್ತದೆ.

ಆ ಲೇಖನ ಬಂದ ವಾರ ನಾನು ಡಿಗ್ರಿ ಓದುತ್ತಿದ್ದೆ. ಅರ್ಥ ಆದದ್ದು ಸ್ವಲ್ಪ. ಆದರೆ ಇಷ್ಟು ಸರಳ ಪ್ರಶ್ನೆಗೆ ಉತ್ತರ ಇಷ್ಟು ವರ್ಷ ಅಡಗಿ ಕೂತಿತ್ತು ಅಂತ ತಿಳಿದಾಗಲೇ ಈ ದಾರಿಗೆ ಬರಬೇಕು ಅನ್ನಿಸಿದ್ದು.

ಟವರ್ ಮಂಜೇಶ್ವರ:

ಅಕ್ಕ, ನಾನು ಬೆಂಗಳೂರಿನಲ್ಲಿ ಮೊಬೈಲ್ ನೆಟ್‌ವರ್ಕ್ ಕೆಲಸದಲ್ಲಿದ್ದೇನೆ. ಅಂಕೆ ಹಾಕುವುದರಲ್ಲಿ ನಮ್ಮ ಕಡೆಯದ್ದು ಒಂದಿದೆ, ಅದನ್ನು ಬಿಡಬೇಡಿ. ಹತ್ತಿರದ ಎರಡು ಟವರ್ ಒಂದೇ ಫ್ರೀಕ್ವೆನ್ಸಿಯಲ್ಲಿ ಮಾತಾಡಿದರೆ ಒಂದರ ದನಿ ಇನ್ನೊಂದರ ಮೇಲೆ ಬೀಳುತ್ತದೆ. ಪಕ್ಕಪಕ್ಕದ ಫ್ರೀಕ್ವೆನ್ಸಿ ಆದರೂ ಕಿರಿಕಿರಿ. ಅದಕ್ಕೇ ನಿಯಮ: ನೆರೆಯ ಟವರುಗಳ ಅಂಕೆಯಲ್ಲಿ ಕನಿಷ್ಠ 2ರ ಅಂತರ ಇರಲಿ. ಎರಡು ಹೆಜ್ಜೆ ದೂರದವಕ್ಕೆ ಬೇರೆ ಅಂಕೆ ಇದ್ದರೆ ಸಾಕು. ಇದನ್ನು 1992ರಲ್ಲಿ ಗ್ರಿಗ್ಸ್ ಮತ್ತು ಯೇ ಗ್ರಾಫ್ ಪ್ರಶ್ನೆಯಾಗಿ ಬರೆದರು. ನಿಜವಾದ ಪ್ಲಾನಿಂಗ್‌ನಲ್ಲಿ ಗುಡ್ಡ, ಎತ್ತರ, ಜನಸಂಖ್ಯೆ ಎಲ್ಲ ನೋಡಬೇಕು. ತಿರುಳು ಮಾತ್ರ ಇದೇ. ತಲಪಾಡಿ ಹತ್ತಿರ ಫೋನ್ ಒಮ್ಮೆ ಕೇರಳ ಸರ್ಕಲ್, ಒಮ್ಮೆ ಕರ್ನಾಟಕ ಸರ್ಕಲ್ ಹಿಡಿಯುವುದು ನೋಡಿ ಬೆಳೆದವನು ನಾನು. ಈ ಕೆಲಸದ ಹುಚ್ಚು ಹಿಡಿದದ್ದು ಅಲ್ಲಿಂದಲೇ.

ಟವರುಗಳು ಅಡಿಕೆ ತೋಟದ ಹಾಗೆ ಚೌಕ ಚೌಕವಾಗಿ ಇವೆ ಅಂದುಕೊಳ್ಳಿ. 0 ರಿಂದ 6ರ ತನಕ ಏಳು ಅಂಕೆ ಸಾಕು, ತೋಟ ಎಷ್ಟೇ ದೊಡ್ಡದಿರಲಿ. ಅಡ್ಡಕ್ಕೆ ಹೋದಾಗ 3 ಕೂಡಿಸುತ್ತಾ ಹೋಗಿ, ಕೆಳಗೆ ಇಳಿದಾಗ 2 ಕೂಡಿಸಿ. 7 ಮುಟ್ಟಿದರೆ ಅಥವಾ ದಾಟಿದರೆ 7 ಕಳೆಯಿರಿ.

0 3 6 2 5 1 4
2 5 1 4 0 3 6
4 0 3 6 2 5 1
6 2 5 1 4 0 3

ಯಾವ ಅಂಕೆ ಬೇಕಾದರೂ ಹಿಡಿದು ಸುತ್ತ ನೋಡಿ. ಎರಡನೇ ಸಾಲಿನ ನಡುವಿನ 4 ತೆಗೆದುಕೊಳ್ಳಿ. ಮೇಲೆ 2, ಕೆಳಗೆ 6, ಎಡಕ್ಕೆ 1, ಬಲಕ್ಕೆ 0. ಎಲ್ಲ ಕನಿಷ್ಠ 2 ದೂರ, ನಾಲ್ಕೂ ಬೇರೆ ಬೇರೆ.

ಆರು ಅಂಕೆಯಲ್ಲಿ, ಅಂದರೆ 0 ರಿಂದ 5ರ ತನಕ, ಆಗುತ್ತದಾ? ನಾಲ್ಕು ನೆರೆ ಇರುವ ಟವರಿಗೆ 3 ಕೊಟ್ಟರೆ 2, 3, 4 ನೆರೆಯವರಿಗೆ ನಿಷಿದ್ಧ. ಉಳಿದದ್ದು ಮೂರು ಅಂಕೆ, ನೆರೆ ನಾಲ್ಕು. ಆಗುವುದಿಲ್ಲ. 1, 2, 4ಕ್ಕೂ ಇದೇ ಗತಿ. ಹಾಗಾಗಿ ನಾಲ್ಕು ನೆರೆ ಇರುವ ಪ್ರತಿ ಟವರಿಗೂ 0 ಅಥವಾ 5 ಮಾತ್ರ. ಈಗ ಅಂಥ ಮೂರು ಟವರ್ ಒಂದರ ಪಕ್ಕ ಒಂದು ಇದ್ದರೆ ಮೂರಕ್ಕೂ ಬೇರೆ ಅಂಕೆ ಬೇಕು, ಇರುವುದು ಎರಡೇ. ಅಲ್ಲಿಗೆ ಮುಗಿಯಿತು. ನಾಲ್ಕು ಸಾಲು, ನಾಲ್ಕು ಕಾಲಮ್ಮಿನ ಪುಟ್ಟ ತೋಟದಲ್ಲೇ ಇದು ಕೈಕೊಡುತ್ತದೆ.

ಇದನ್ನು ಮೊದಲ ಸಲ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟೇ ದೊಡ್ಡ ಕಂಪ್ಯೂಟರ್ ಕೊಟ್ಟರೂ 6 ಅಂಕೆಯಲ್ಲಿ ಆಗುವುದಿಲ್ಲ ಅಂತ ನಾಲ್ಕು ಸಾಲಿನಲ್ಲಿ ಗೊತ್ತಾಗುತ್ತದಲ್ಲ!

ಚುಕ್ಕಿಗೆರೆ:

ಗಮನಿಸಿದಿರಾ, ಇಲ್ಲಿ ಒಂದೊಂದು ಸಾಲಿಗೆ 0 ರಿಂದ 4 ಸಾಕಾಗುತ್ತಿತ್ತು. ಗುಣಲಬ್ಧಕ್ಕೆ 0 ರಿಂದ 6 ಬೇಕಾಯಿತು. ಕೂಡಿಸಿದ್ದೂ ಅಲ್ಲ, ದೊಡ್ಡದೂ ಅಲ್ಲ. ಹೊಸದಾಗಿ ಯೋಚಿಸಲೇಬೇಕು.

ಈಗ ನನ್ನ ಅತಿ ಇಷ್ಟದ ಅಂಕೆ ಆಟ. 1967ರಲ್ಲಿ ಅಲೆಕ್ಸಾಂಡರ್ ರೋಸಾ ಶುರು ಮಾಡಿದ್ದು, ಗ್ರೇಸ್‌ಫುಲ್ ಅನ್ನುವ ಹೆಸರು ಕೊಟ್ಟದ್ದು ಸೊಲೊಮನ್ ಗೊಲೊಂಬ್. ನಾನು ಸೊಗಸು ಅಂಕೆ ಅನ್ನೋಣ ಅಂತಿದ್ದೇನೆ. ಗ್ರಾಫಿನಲ್ಲಿ 7 ಗೆರೆ ಇದ್ದರೆ 0 ರಿಂದ 7ರ ತನಕದ ಅಂಕೆಗಳನ್ನು ಚುಕ್ಕಿಗಳಿಗೆ ಹಂಚಬೇಕು. ಒಂದು ಅಂಕೆ ಒಂದೇ ಕಡೆ, ಕೆಲವು ಅಂಕೆ ಉಳಿದರೂ ಪರವಾಗಿಲ್ಲ. ಪ್ರತಿ ಗೆರೆಯ ಮೇಲೂ ಎರಡು ತುದಿಯ ವ್ಯತ್ಯಾಸ ಬರೆಯಬೇಕು. ಗೆರೆಗಳ ಮೇಲೆ 1 ರಿಂದ 7ರ ತನಕ ಎಲ್ಲವೂ ಬರಬೇಕು, ಯಾವುದೂ ಎರಡು ಸಲ ಬರಬಾರದು. ಎರಡು ಸಾಲು, ಸಾಲಿಗೆ ಮೂರು ಚುಕ್ಕಿಯ ಏಣಿ ನೋಡಿ:

0 5 2
7 1 3

ಕಂಬಗಳ ಮೇಲೆ 7, 4, 1. ಮೇಲಿನ ಸಾಲಿನಲ್ಲಿ 5, 3. ಕೆಳಗೆ 6, 2. ಏಳೂ ಬಂತು. ಮಾಷ್ಟ್ರೇ, ಇದನ್ನು ಚೆನ್ನೆಮಣೆಗೆ ಮಾಡಬೇಕಾದರೆ 14 ಗುಳಿ, 19 ಗೆರೆ. ಉತ್ತರ ಇದೆ ಅಂತ ಗೊತ್ತು. ಇಲ್ಲಿ ಬರೆಯುವುದಿಲ್ಲ, ಯಾರಾದರೂ ಮಾಡಿ.

ಹತ್ತನೇ ಬಿ:

ಅಕ್ಕ, ನಾನು ಆ ಶಾಲೆಯದೇ. ಶನಿವಾರ ನಿಮ್ಮ ಕ್ಲಾಸಿನಲ್ಲಿ ಇರುತ್ತೇನೆ. ಅಣ್ಣನ ಫೋನಿನಿಂದ ಬರೆಯುತ್ತಿದ್ದೇನೆ.

ನಿಮ್ಮ ಏಣಿಯಲ್ಲಿ 0, 1, 2 ಅಂಕುಡೊಂಕಾಗಿ ಹೋಗಿವೆ. ಮೇಲೆ, ಕೆಳಗೆ, ಮೇಲೆ. ಉಳಿದ ಜಾಗದಲ್ಲಿ 7, 5, 3. ಎರಡೆರಡು ಕಡಿಮೆ ಆಗುತ್ತಾ ಬಂದಿದೆ. ನಾಲ್ಕು ಚುಕ್ಕಿಯ ಸಾಲಿಗೆ 10 ಗೆರೆ. ಹಾಗಾಗಿ 10, 8, 6, 4 ಹಾಕಿದೆ, ಸರಿಯಾಯಿತು. ಆಮೇಲೆ 19 ರಿಂದ ಶುರು ಮಾಡಿ ಚೆನ್ನೆಮಣೆಗೆ ಹಾಕಿದೆ.

0 17 2 13 4 9 6
19 1 15 3 11 5 7

ಕಂಬಗಳಲ್ಲಿ 19, 16, 13, 10, 7, 4, 1. ಮೂರು ಮೂರು ಕಡಿಮೆ. ಮೇಲಿನ ಸಾಲಿನ ಗೆರೆಗಳಲ್ಲಿ 17, 15, 11, 9, 5, 3. ಕೆಳಗೆ 18, 14, 12, 8, 6, 2. ಎಲ್ಲ ಬಂದಿದೆಯಾ ಅಂತ ಎರಡು ಸಲ ನೋಡಿದೆ, ಬಂದಿದೆ. ಎಷ್ಟು ಉದ್ದದ ಏಣಿಗೂ ಹೀಗೆ ಬರುತ್ತದೆ ಅನ್ನಿಸುತ್ತದೆ. ಹೌದಾ?

ಕುಂಬಳೆ ಮಾಷ್ಟ್ರು:

ಮಗೂ, ನೀನು ಬರೆದದ್ದು ಓದಿ ಅಟ್ಟ ಹತ್ತಿದೆ. ಚೆನ್ನೆಮಣೆಯನ್ನು ಆಟಿ ತಿಂಗಳಲ್ಲಿ ಮಾತ್ರ ತೆಗೆಯುವುದು ನಮ್ಮ ಮನೆಯ ಕ್ರಮ. ಇವತ್ತು ಕ್ರಮ ಮುರಿದೆ. ಹಲಸಿನ ಮರದ ಮಣೆ, ನನ್ನ ಅಮ್ಮನದು. ಧೂಳು ಒರೆಸಿ, ಹಳೇ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ 14 ಚೂರಿನಲ್ಲಿ ನಿನ್ನ ಅಂಕೆ ಬರೆದು ಗುಳಿಗೊಂದು ಇಟ್ಟೆ. ನನ್ನ ಹೆಂಡತಿ 19 ರಿಂದ ಕೆಳಗೆ ಒಂದೊಂದೇ ಸಂಖ್ಯೆ ಹೇಳುತ್ತಾ ಹೋದಳು. ನಾನು ಗೆರೆ ತೋರಿಸುತ್ತಾ ಬಂದೆ. 19 ಕಂಬ, 18 ಕೆಳಗೆ, 17 ಮೇಲೆ. ಮತ್ತೆ 16 ಕಂಬ, 15 ಮೇಲೆ, 14 ಕೆಳಗೆ. ಒಂದೂ ತಪ್ಪಲಿಲ್ಲ. 1 ಬಂದಾಗ ಕೊನೆಯ ಗುಳಿಯ 6 ಮತ್ತು 7. ಅವಳು ಏನೂ ಮಾತಾಡದೆ ಆ ಎರಡು ಚೂರು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟಳು.

ಹೌದು, ಎಷ್ಟು ಉದ್ದಕ್ಕೂ ಬರುತ್ತದೆ. ಕಾರಣ ನೀನೇ ಹೇಳಿಬಿಟ್ಟಿದ್ದೀ. ಒಂದು ಕಡೆ 1 ಏರುತ್ತದೆ, ಇನ್ನೊಂದು ಕಡೆ 2 ಇಳಿಯುತ್ತದೆ. ಹಾಗಾಗಿ ಪ್ರತಿ ಕಂಬಕ್ಕೆ 3 ಕಡಿಮೆ. ನಡುವಿನ ಎರಡು ಗೆರೆ ಆ ಖಾಲಿ ಉಳಿದ ಎರಡು ಸಂಖ್ಯೆಯನ್ನು ತುಂಬುತ್ತವೆ.

ಚುಕ್ಕಿಗೆರೆ:

ಪುಟ್ಟಾ, ನಿನ್ನನ್ನು ನೋಡಲು ಶನಿವಾರದ ತನಕ ಕಾಯುವುದು ಕಷ್ಟ. ಏಣಿ ಮಾತ್ರ ಅಲ್ಲ, ಎಷ್ಟು ಸಾಲು ಎಷ್ಟು ಕಾಲಮ್ ಇದ್ದರೂ ಸೊಗಸು ಅಂಕೆ ಹಾಕಬಹುದು ಅಂತ 1981ರಲ್ಲಿ ಬಿ.ಡಿ. ಆಚಾರ್ಯ ಮತ್ತು ಎಂ.ಕೆ. ಗಿಲ್ ತೋರಿಸಿದ್ದಾರೆ. ಆ ಬಿ ಅಂದರೆ ಬೆಳ್ಮಣ್ಣು. ಬೆಳ್ಮಣ್ಣು ದೇವದಾಸ ಆಚಾರ್ಯ. ಇಲ್ಲಿಂದ ಬಸ್ಸಿನಲ್ಲಿ ಹೋಗಬಹುದಾದ ಊರಿನ ಹೆಸರು ಈ ಪ್ರಮೇಯದ ಜೊತೆ ಸೇರಿಕೊಂಡಿದೆ. ಟೆನ್ಸರ್ ಗುಣಲಬ್ಧದ ಬಗ್ಗೆ 1975ರಲ್ಲೇ ಬರೆದ ಇ. ಸಂಪತ್‌ಕುಮಾರ್ ಅವರು ಧಾರವಾಡದಲ್ಲಿ ಕಲಿಸುತ್ತಿದ್ದವರು. ಕನ್ನಡ ನಾಡಿಗೆ ಈ ವಿಷಯ ಹೊರಗಿನದಲ್ಲ.

ಹಾಗಂತ ಎಲ್ಲ ಮುಗಿದಿಲ್ಲ. ಉಂಗುರ ಇಲ್ಲದ, ಒಂದೇ ತುಂಡಾಗಿರುವ ಗ್ರಾಫಿಗೆ ಮರ ಅನ್ನುತ್ತೇವೆ. ಎಲ್ಲ ಮರಕ್ಕೂ ಸೊಗಸು ಅಂಕೆ ಹಾಕಬಹುದಾ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಚುಕ್ಕಿಗೆರೆ:

ಶನಿವಾರ ಆಯಿತು. ಒಂದು ಗಂಟೆ ಅಂದದ್ದು ಎರಡು ಗಂಟೆ ಹತ್ತು ನಿಮಿಷ ಆಯಿತು.

ಮಾಷ್ಟ್ರು ತಮ್ಮ ಮಣೆಯನ್ನು ಬೈರಾಸಿನಲ್ಲಿ ಸುತ್ತಿ ತಂದಿದ್ದರು. ಪರೀಕ್ಷೆ ಹಾಲಿನ ನಾಲ್ಕು ಸೆಟ್ಟನ್ನು ಮಕ್ಕಳು ನಾನು ಹೇಳುವ ಮೊದಲೇ ಕಂಡುಹಿಡಿದರು. ಕಣಿಯ ವಿಷಯ ಹೇಳಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು, "ನಮ್ಮ ತೋಟದಲ್ಲಿ ನಡುವೆಯೂ ಒಂದು ಸಂಕ ಇದೆ, ಆಗ ಎಷ್ಟು ಹೆಜ್ಜೆ?" ಅಂತ ಕೇಳಿದ. ಎಲ್ಲರೂ ಸೇರಿ ಬೋರ್ಡಿನಲ್ಲಿ ಲೆಕ್ಕ ಹಾಕಿದೆವು.

ಕೊನೆಗೆ ಒಬ್ಬಳು ಕೇಳಿದ ಪ್ರಶ್ನೆಗೆ ನಾನು ಅಲ್ಲಿ ಉತ್ತರ ಕೊಡಲಿಲ್ಲ, ಬೇಕೆಂದೇ ಉಳಿಸಿ ಬಂದೆ. ಹಳೇ ಫೋನಿನ ಹಾವಿನ ಆಟದಲ್ಲಿ ಬಲಕ್ಕೆ ಹೊರಗೆ ಹೋದರೆ ಎಡದಿಂದ ಬರುತ್ತದೆ, ಕೆಳಗೆ ಹೋದರೆ ಮೇಲಿನಿಂದ ಬರುತ್ತದೆ. ಮೂರು ಸಾಲು ಮೂರು ಕಾಲಮ್ಮಿನ ಮಣೆಯನ್ನು ಹಾಗೆ ಸುತ್ತಿದರೆ ಸೊಗಸು ಅಂಕೆ ಹಾಕಬಹುದಾ? ಅಂದರೆ ಮೂರರ ಉಂಗುರವನ್ನು ಮೂರರ ಉಂಗುರದಿಂದ ಗುಣಿಸಿದ್ದು. 9 ಚುಕ್ಕಿ, ಪ್ರತಿ ಚುಕ್ಕಿಗೆ 4 ಗೆರೆ, ಒಟ್ಟು 18 ಗೆರೆ. ಇಲ್ಲಿ ಯಾರಾದರೂ ಪ್ರಯತ್ನಿಸಿ.

ಹತ್ತನೇ ಬಿ:

ಅಕ್ಕ, ಎರಡು ದಿನ ಅಂಕೆ ಹಾಕಿ ಹಾಕಿ ನೋಡಿದೆ, ಆಗಲಿಲ್ಲ. ಪ್ರತಿ ಸಲವೂ ಎಲ್ಲೋ ಒಂದು ಸಂಖ್ಯೆ ಎರಡು ಸಲ ಬರುತ್ತದೆ. ಇವತ್ತು ಬಸ್ಸಿನಲ್ಲಿ ಬರುವಾಗ ಕಾರಣ ಸಿಕ್ಕಿತು.

ಗೆರೆಗಳ ಮೇಲೆ 1 ರಿಂದ 18 ಬರಬೇಕು. ಕೂಡಿಸಿದರೆ 171, ಬೆಸ ಸಂಖ್ಯೆ. ಆದರೆ ಪ್ರತಿ ಗೆರೆಯಲ್ಲೂ ದೊಡ್ಡದರಿಂದ ಚಿಕ್ಕದು ಕಳೆಯುತ್ತೇವೆ. ಕಳೆಯುವ ಬದಲು ಕೂಡಿಸಿದರೂ ಸಮವೋ ಬೆಸವೋ ಅನ್ನುವುದು ಬದಲಾಗುವುದಿಲ್ಲ. ಕೂಡಿಸಿದರೆ ಪ್ರತಿ ಚುಕ್ಕಿಯ ಅಂಕೆ 4 ಸಲ ಬರುತ್ತದೆ, ಅದಕ್ಕೆ 4 ಗೆರೆ ಇವೆಯಲ್ಲ. ಹಾಗಾಗಿ ಒಟ್ಟು ಸಮ ಆಗಲೇಬೇಕು. 171 ಸಮ ಅಲ್ಲ. ಯಾರು ಹಾಕಿದರೂ ಆಗುವುದಿಲ್ಲ.

ಐದರ ಉಂಗುರವನ್ನು ಮೂರರ ಉಂಗುರದಿಂದ ಗುಣಿಸಿದರೂ ಆಗುವುದಿಲ್ಲ, ಅದರಲ್ಲಿ 30 ಗೆರೆ, ಮೊತ್ತ 465. ನಾಲ್ಕರ ಉಂಗುರಕ್ಕೆ ಈ ತಡೆ ಬರುವುದಿಲ್ಲ. ಇವತ್ತು ರಾತ್ರಿ ಅದನ್ನು ಹಾಕಿ ನೋಡುತ್ತೇನೆ.